ಈರುಳ್ಳಿ ಪೊರೆಯೂ ರೆಕಾರ್ಡ್ ಬುಕ್ಕೂ

ಸೂಕ್ಷ್ಮದರ್ಶಕದಲ್ಲಿ ಕೋಶ ನೋಡಲು ಜೀವಶಾಸ್ತ್ರದ ಲ್ಯಾಬಿನಲ್ಲಿ ಈರುಳ್ಳಿ ಪೊರೆಯಷ್ಟು ಸಲೀಸಾದ ಪ್ರಯೋಗ ಇನ್ನೊಂದಿಲ್ಲ. ಕೆಡುವುದೂ ಅಷ್ಟೇ ಸಲೀಸು.

‘ಸಿಪ್ಪೆ ತನ್ನಿ’ ಅಂದರೆ ಅರ್ಧ ತರಗತಿ ಹೊರಗಿನ ಒಣ ಸಿಪ್ಪೆಯನ್ನೇ ಕಿತ್ತು ತರುತ್ತದೆ. ಬೇಕಾದದ್ದು ಒಳಗಿನ ರಸಭರಿತ ಪದರದ ಒಳಮೈಗೆ ಅಂಟಿಕೊಂಡ ತೆಳುಪೊರೆ. ಪದರವನ್ನು ಪಟ್ಟನೆ ಮುರಿದರೆ ಅಂಚಿನಲ್ಲಿ ಅದೇ ಇಣುಕುತ್ತದೆ. ಚಿಮುಟದಿಂದ ಎಳೆದು ನೇರ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಒಣಗಿ ಸುರುಳಿ ಸುತ್ತಿಕೊಳ್ಳುತ್ತದೆ. ಹೆಚ್ಚುವಾಗ ಬರುವ ಕಣ್ಣೀರೂ ಪಠ್ಯಕ್ರಮದ್ದೇ: ಕೋಶದ ರಸಚೀಲವಾದ ರಸದಾನಿಯೊಳಗಿನ ಕಿಣ್ವಕ್ಕೂ ಅದರ ಹೊರಗಿನ ಕೋಶದ್ರವ್ಯದ ಗಂಧಕದ ಸಂಯುಕ್ತಕ್ಕೂ ಮುಖಾಮುಖಿ ಆಗುವುದೇ ಕೋಶ ಒಡೆದಾಗ. ಆಗ ಹುಟ್ಟುವ ಅನಿಲ ಸೀದಾ ಕಣ್ಣಿಗೆ.

ಆಮೇಲೆ ಬಣ್ಣ. ಒಂದೆರಡು ಹನಿ ಸ್ಯಾಫ್ರನಿನ್, ಅರ್ಧ ನಿಮಿಷ, ನೀರಲ್ಲಿ ಒಂದು ಅದ್ದು. ‘ಸಾರ್, ಬಣ್ಣ ಸಾಲ್ದು’ ಎಂದು ಇನ್ನಷ್ಟು ಸುರಿದವರ ಪೊರೆ ಹೋಳಿ ಆಡಿ ಬಂದ ಬನಿಯನ್ನಿನಂತಾಗುತ್ತದೆ. ಅದರಲ್ಲಿ ಕೋಶಕೇಂದ್ರ ಹುಡುಕುವುದು ಹೇಗೆ?

ಗಾಜಿನ ಸ್ಲೈಡಿನ ಮೇಲಿನ ಪೊರೆಗೆ ಒಂದು ಹನಿ ಗ್ಲಿಸರಿನ್ ಬಿಟ್ಟು, ಮೇಲೆ ಮುಚ್ಚುವ ತೆಳುಗಾಜು ಕವರ್ ಸ್ಲಿಪ್ಪನ್ನು ಸುಮಾರು 45 ಡಿಗ್ರಿ ಓರೆ ಹಿಡಿದು ಸೂಜಿಯಿಂದ ಮೆಲ್ಲಗೆ ಇಳಿಸಬೇಕು. ಧೊಪ್ಪನೆ ಹಾಕಿದರೆ ಗಾಳಿ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಗುಳ್ಳೆ ಬಲು ಚೆಂದ: ಅಚ್ಚುಕಟ್ಟಾದ ದುಂಡು, ದಪ್ಪ ಕಪ್ಪು ಅಂಚು. ಹಾಗಾಗಿಯೇ ಎಷ್ಟೋ ರೆಕಾರ್ಡುಗಳಲ್ಲಿ ‘ಕೋಶ’ ಎಂದು ಚಿತ್ರಿತವಾಗಿರುವುದು ಈ ಗುಳ್ಳೆಯೇ. ಈರುಳ್ಳಿಯ ಕೋಶ ಉದ್ದನೆಯದು, ಮೂಲೆಗಳುಳ್ಳದ್ದು, ಸಾಲಿನಲ್ಲಿ ಒತ್ತಾಗಿ ನಿಂತಿರುವಂಥದ್ದು.

100 ಪಟ್ಟು ಹಿಗ್ಗಿಸಿದರೆ ಇದೆಲ್ಲ ಧಾರಾಳ ಕಾಣುತ್ತದೆ. ಅವಸರದವರು ಮೊದಲೇ 45X ಮಸೂರ (ಕಣ್ಣಿನ ಬಳಿಯ ಮಸೂರದೊಡನೆ ಸೇರಿ ಇದು 100 ಪಟ್ಟಿಗಿಂತ ಬಹಳ ಹೆಚ್ಚು ಹಿಗ್ಗಿಸುತ್ತದೆ) ತಿರುಗಿಸಿ ದೊಡ್ಡ ತಿರುಪನ್ನು ತಿರುವುತ್ತಾರೆ. ಆ ಮಸೂರಕ್ಕೂ ಸ್ಲೈಡಿಗೂ ನಡುವಿನ ಜಾಗ ಒಂದು ಮಿಲಿಮೀಟರ್ ಕೂಡ ಇಲ್ಲ. ‘ಟಿಕ್’ ಅಂದಿತೋ, ಕವರ್ ಸ್ಲಿಪ್ ಹೋಯಿತು.

ಅಸಲಿ ಕಲೆ ಇರುವುದು ರೆಕಾರ್ಡ್ ಬುಕ್ಕಿನಲ್ಲಿ. ಈರುಳ್ಳಿಯ ಈ ಪೊರೆಯಲ್ಲಿ ಇಲ್ಲದ ಹಸಿರು ಕಣ ಕ್ಲೋರೋಪ್ಲಾಸ್ಟಿಗೆ ಹಸಿರು ಪೆನ್ಸಿಲು! ಪಕ್ಕದಲ್ಲಿ ಒಳಮಡಿಕೆ ಸಮೇತ ಮೈಟೋಕಾಂಡ್ರಿಯಾ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಕಣ! ಆ ಮಡಿಕೆ ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಕೋಶಕೇಂದ್ರವಂತೂ ಎಲ್ಲರಲ್ಲೂ ನಟ್ಟನಡುವೆ. ನಿಜದಲ್ಲಿ ದೊಡ್ಡ ರಸದಾನಿ ಅದನ್ನು ಗೋಡೆಗೆ ಒತ್ತಿರುತ್ತದೆ. ಮೇಲಿನ ಅಥವಾ ಕೆಳಗಿನ ಗೋಡೆಗೆ ಅಂಟಿದ್ದರೆ ಮಾತ್ರ ನಡುವೆ ಇದ್ದಂತೆ ತೋರುತ್ತದೆ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬಿರಡೆಯ ಚೂರಿನಲ್ಲಿ ಖಾಲಿ ಕೋಣೆಗಳನ್ನು ಕಂಡ, ಖಾಲಿ ಕೋಣೆಗಳನ್ನೇ ಬರೆದ. ನಮ್ಮ ಲ್ಯಾಬಿನಲ್ಲಿದ್ದಿದ್ದರೆ ‘ಭಾಗಗಳನ್ನು ಗುರುತಿಸಿಲ್ಲ’ ಎಂದು ಅರ್ಧ ಅಂಕ ಕಳೆದುಕೊಳ್ಳುತ್ತಿದ್ದ.

ಹಸಿರು ಪೆನ್ಸಿಲು ಹಿಡಿಯಲೇಬೇಕೆಂದಿದ್ದರೆ ಮೀನಿನ ತೊಟ್ಟಿಯ ಹೈಡ್ರಿಲ್ಲಾ ಎಲೆ ತನ್ನಿ. ಅದರ ಬಹುಭಾಗ ಎರಡೇ ಕೋಶ ದಪ್ಪ, ಬಣ್ಣ ಹಾಕುವುದೇ ಬೇಡ. ಬೆಳಕಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿದರೆ ಕ್ಲೋರೋಪ್ಲಾಸ್ಟುಗಳು ಗೋಡೆಗುಂಟ ಪ್ರದಕ್ಷಿಣೆ ಹಾಕುವುದೂ ಕಾಣುತ್ತದೆ, ಸ್ಯಾಫ್ರನಿನ್ ಬಾಟಲಿಯನ್ನು ದೂರ ಇಟ್ಟಿದ್ದರೆ.