ವಾಟ್ಸ್ ಅಲ್ಲ, ಮೊದಲು ಥ್ರೋ ನೋಡಿ

ಕಾರ್ ಪಾಲಿಶ್ ಮಾಡುವ ಮೆಷಿನ್ ತಗೊಳ್ಳುವಾಗ ವಾಟ್ಸ್ ಜಾಸ್ತಿ ಇರುವುದನ್ನೇ ಆರಿಸಿ ಎಂದು ಬರೆದಿದ್ದೀರಿ. ಅರ್ಧ ಮಾತ್ರ ಸರಿ ಸಾರ್. ರ್‍ಯಾಂಡಮ್ ಆರ್ಬಿಟಲ್‌ನಲ್ಲಿ (ಉಜ್ಜುವ ಪ್ಯಾಡ್ ತಿರುಗುವ ಜೊತೆಗೆ ಓಲಾಡುವ ಮೆಷಿನ್) ಮೊದಲು ನೋಡಬೇಕಾದ್ದು ಥ್ರೋ, ಅಂದರೆ ಪ್ಯಾಡ್ ಎಷ್ಟು ಅಗಲಕ್ಕೆ ಓಲಾಡುತ್ತದೆ ಅನ್ನೋದು. 15 ಅಥವಾ 21 ಮಿ.ಮೀ. ಇದ್ದರೆ ಬಾನೆಟ್, ರೂಫ್ ಬೇಗ ಮುಗಿಯುತ್ತದೆ, ಆದರೆ ಬಂಪರ್‌ನ ತಿರುವಿಗೆ ಬಂದಾಗ ಪ್ಯಾಡ್ ತಿರುಗುವುದನ್ನೇ ನಿಲ್ಲಿಸಿ ಸುಮ್ನೆ ಅದುರುತ್ತಾ ಇರುತ್ತದೆ. ಅಲ್ಲಿ 8 ಮಿ.ಮೀ. ಸಲೀಸು. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡಿ, ತಿರುಗುತ್ತಿದೆಯೋ ನಿಂತಿದೆಯೋ ಕಣ್ಣಿಗೇ ಕಾಣುತ್ತದೆ. ನಿಂತರೆ ಒತ್ತುವುದನ್ನು ಕಡಿಮೆ ಮಾಡಿ. ಮನೆ ಬಳಕೆಗೆ 5 ಇಂಚಿನ ಪ್ಲೇಟ್ ಧಾರಾಳ ಸಾಕು.

ರೋಟರಿ, ಅಂದರೆ ಓಲಾಡದೆ ಬರೀ ಸುತ್ತುವ ಮೆಷಿನ್, ಅಗ್ಗಕ್ಕೆ ಸಿಗುತ್ತದೆ ಅಂತ ಹೊಸಬರು ಅದಕ್ಕೆ ಕೈ ಹಾಕಬೇಡಿ. ಒಂದೇ ಕಡೆ ಹಿಡಿದರೆ ಬಣ್ಣದ ಮೇಲಿನ ಪಾರದರ್ಶಕ ಪದರ ಕ್ಲಿಯರ್ ಕೋಟ್ ಸುಟ್ಟೇ ಹೋಗುತ್ತದೆ, ಅದರಲ್ಲೂ ಡೋರ್ ಅಂಚಿನಲ್ಲಿ.

ಮತ್ತೆ ನಮ್ಮ ಸುರತ್ಕಲ್, ಪಣಂಬೂರು ಕಡೆ ಉಪ್ಪು ಗಾಳಿ, ಅದರ ಮೇಲೆ ಕೆಂಪು ಮಣ್ಣಿನ ಧೂಳು ಬೇರೆ. ಚೆನ್ನಾಗಿ ತೊಳೆದು ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಉಂಡೆ) ಉಜ್ಜದೆ ಮೆಷಿನ್ ಹಿಡಿದರೆ ಎಂಥ ಒಳ್ಳೆ ಪ್ಯಾಡ್ ಆದರೂ ಗೀರು ಗ್ಯಾರಂಟಿ. ಕೆಲಸ ನೆರಳಲ್ಲೇ ಮಾಡಿ, ಬಿಸಿಲಿಗೆ ಪಾಲಿಶ್ ಕಾಂಪೌಂಡ್ ಒಣಗಿ ಅಂಟಿಕೊಂಡರೆ ಒರೆಸುವುದೇ ದೊಡ್ಡ ರಗಳೆ ಮಾರಾಯ್ರೆ.