ಹಾಸಿಗೆ ಹಾಸುವವರ ಬೆನ್ನು ಯಾರು ನೋಡುತ್ತಾರೆ?

ಹೋಟೆಲ್ ಬಾತ್‌ರೂಮಿನಲ್ಲಿ ಒಂದು ಪುಟ್ಟ ಕಾರ್ಡ್ ಇಟ್ಟಿರುತ್ತಾರೆ, ನೋಡಿರುತ್ತೀರಿ. ಟವೆಲ್ ಮತ್ತೆ ಬಳಸಿ, ದಿನಾ ರೂಮ್ ಕ್ಲೀನ್ ಮಾಡಿಸಬೇಡಿ, ನೀರು ಉಳಿಸಿ ಅಂತ. ಮಾತು ಒಳ್ಳೆಯದೇ. ಆದರೆ ನಾನಿರುವ ಅಮೆರಿಕದಲ್ಲಿ ಆ ಕಾರ್ಡಿನ ಹಿಂದೆ ಇನ್ನೊಂದು ಲೆಕ್ಕ ಇದೆ. ಕೋವಿಡ್ ಸಮಯದಲ್ಲಿ ಎಷ್ಟೋ ಹೋಟೆಲುಗಳು ದಿನಾ ಕ್ಲೀನ್ ಮಾಡುವುದನ್ನು ನಿಲ್ಲಿಸಿದವು. ಕೋವಿಡ್ ಹೋದ ಮೇಲೂ ಕೇಳಿದವರಿಗೆ ಮಾತ್ರ ಅಂತ ಹಾಗೇ ಮುಂದುವರಿಸಿದವು. ಅದಕ್ಕೆ ರೂಮಿನ ಬಾಡಿಗೆಯೇನೂ ಇಳಿಯಲಿಲ್ಲ, ಹೌಸ್‌ಕೀಪಿಂಗ್‌ನವರ ಕೆಲಸದ ಗಂಟೆ ಇಳಿಯಿತು, ಅದರ ಜೊತೆ ಸಂಬಳವೂ ಇಳಿಯಿತು. ಇನ್ನು ಮೂರ್ನಾಲ್ಕು ದಿನ ಯಾರೂ ಮುಟ್ಟದ ರೂಮಿಗೆ ಕಾಲಿಟ್ಟರೆ ಕಸ ತುಂಬಿ ಚೆಲ್ಲಿರುತ್ತದೆ, ಬಾತ್‌ರೂಮಿನ ಕಲೆ ಉಜ್ಜಿದರೂ ಹೋಗುವುದಿಲ್ಲ, ಆದರೆ ಆ ರೂಮು ಮುಗಿಸಲು ಕೊಡುವ ಸಮಯ ಮೊದಲಿನಷ್ಟೇ. ಲಾಸ್ ವೇಗಸ್‌ನ ಹೋಟೆಲ್ ಕೆಲಸಗಾರರ ಯೂನಿಯನ್ 2023ರ ನವೆಂಬರ್‌ನಲ್ಲಿ ಮುಷ್ಕರದ ಅಂಚಿಗೆ ಹೋಗಿ ಮಾಡಿಕೊಂಡ ಒಪ್ಪಂದದಲ್ಲಿ ದಿನಾ ಕ್ಲೀನಿಂಗ್ ಇರಲೇಬೇಕು ಅಂತ ಬರೆಸಿಕೊಂಡಿದ್ದು ಇದಕ್ಕೇ.

ಹಾಸಿಗೆ ಹಾಸುವುದನ್ನೇ ಒಮ್ಮೆ ಗಮನಿಸಿ ನೋಡಿ. ದಪ್ಪ ಮ್ಯಾಟ್ರೆಸ್ಸಿನ ಮೂಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬೆಡ್‌ಶೀಟನ್ನು ಕೆಳಗೆ ತುರುಕಬೇಕು. ಅದೂ ಸೊಂಟ ಬಗ್ಗಿಸಿಕೊಂಡೇ. ನಾಲ್ಕು ಮೂಲೆ, ಕೆಲವು ರೂಮಿನಲ್ಲಿ ಎರಡು ಮಂಚ, ದಿನಕ್ಕೆ ಹತ್ತು ಹದಿನೈದು ರೂಮು. ಬೆನ್ನು, ಭುಜ, ಮಣಿಕಟ್ಟು ಹೋಗದೆ ಇರುತ್ತಾ? ಸ್ಪೇನಿನ ಬಲೇರಿಕ್ ದ್ವೀಪಗಳ ಸರ್ಕಾರ 2022ರಲ್ಲಿ ಒಂದು ಕಾನೂನು ತಂದಿತು, ಹೋಟೆಲುಗಳು ಎತ್ತರಕ್ಕೆ ಏರಿಸಿ ಇಳಿಸಬಹುದಾದ ಮಂಚಗಳನ್ನೇ ಹಾಕಬೇಕು ಅಂತ. ಪ್ರವಾಸೋದ್ಯಮದ ಬಗ್ಗೆ ನಾನು ಓದಿದ ಕಾನೂನುಗಳಲ್ಲೆಲ್ಲ ನನಗೆ ಇದೇ ಇಷ್ಟ. ಯಾರಿಗೆ ನೋವಾಗುತ್ತಿದೆ ಅಂತ ಹುಡುಕಿ, ಆ ನೋವು ಎಲ್ಲಿದೆಯೋ ಅಲ್ಲಿಗೇ ಕೈ ಹಾಕಿದ್ದಾರೆ.

ಟಿಪ್ಸ್ ವಿಷಯದಲ್ಲೂ ಒಂದೊಂದು ದೇಶದ್ದು ಒಂದೊಂದು ದಾರಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಕೈಯಿಂದ ಕೊಡಬೇಕಾದ್ದು ಗಂಟೆಗೆ 2.13 ಡಾಲರ್ ಮಾತ್ರ. 1991ರಿಂದ ಅದು ಕದಲಿಲ್ಲ. ಟಿಪ್ಸ್ ಸೇರಿಸಿಯೂ ಕನಿಷ್ಠ ಸಂಬಳ ಆಗದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು ಅಂತಿದೆ ನಿಜ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಪೂರ್ತಿ ಕನಿಷ್ಠ ಸಂಬಳವೇ ಸಿಗುತ್ತದೆ, ಅದೂ ನಿಜ. ಆದರೂ ಎಷ್ಟೋ ಜನರ ಮನೆ ಬಾಡಿಗೆ ಗಿರಾಕಿಯ ಮೂಡಿನ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್‌ನಿಂದ ಟಿಪ್ಸ್ ಪೂರ್ತಿ ಕೆಲಸದವರಿಗೇ ಹಂಚಬೇಕು. ಫಿಲಿಪ್ಪೀನ್ಸ್‌ನಲ್ಲಿ ಸರ್ವಿಸ್ ಚಾರ್ಜ್ ಅಂತ ವಸೂಲಿ ಮಾಡಿದ್ದೆಲ್ಲ ಕೆಲಸದವರಿಗೇ ಸೇರಬೇಕು ಅಂತ 2019ರಲ್ಲೇ ಕಾನೂನಾಯಿತು.

ನಮ್ಮ ದೇಶದಲ್ಲೂ ಸರ್ವಿಸ್ ಚಾರ್ಜ್ ಬಗ್ಗೆ ಜಗಳ ನಡೆಯಿತಲ್ವಾ? ಬಿಲ್ಲಿನಲ್ಲಿ ಕಡ್ಡಾಯವಾಗಿ ಸೇರಿಸಬಾರದು ಅಂತ 2022ರಲ್ಲಿ ಗ್ರಾಹಕ ಪ್ರಾಧಿಕಾರ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗ್ರಾಹಕನ ದೃಷ್ಟಿಯಿಂದ ಸರಿಯಾದ ತೀರ್ಪೇ. ಆದರೆ ಸುತ್ತ ನಡೆದ ಚರ್ಚೆ ನೋಡಿ, ಎಲ್ಲರೂ ಕೇಳಿದ್ದು ನಾನು ಯಾಕೆ ಕೊಡಬೇಕು ಅಂತಲೇ. ತಟ್ಟೆ ತಂದಿಟ್ಟವನ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಕೇಳಿದವರು ತೀರಾ ಕಡಿಮೆ. ಹೊರಗಿದ್ದು ನೋಡುವಾಗ ನನಗೆ ನಿಜವಾಗಿಯೂ ಬೇಸರವಾಗುವುದು ಇಲ್ಲೇ.

ಇನ್ನು ಮನೆ. ಬಲೇರಿಕ್‌ನದೇ ಒಂದು ದ್ವೀಪವಾದ ಇಬಿಜಾದಲ್ಲಿ ಸೀಸನ್ನಿಗೆ ದುಡಿಯಲು ಬಂದವರು ಬಾಡಿಗೆ ಕಟ್ಟಲಾಗದೆ ವ್ಯಾನಿನಲ್ಲಿ, ಟೆಂಟಿನಲ್ಲಿ ಮಲಗುತ್ತಾರೆ. ಸ್ಪೇನಿನದೇ ಕ್ಯಾನರಿ ದ್ವೀಪಗಳಲ್ಲಿ 2024ರ ಏಪ್ರಿಲ್‌ನಲ್ಲಿ ಸಾವಿರಾರು ಜನ ಬೀದಿಗಿಳಿದಾಗ ನೀರು, ಪರಿಸರದ ಜೊತೆ ಮನೆ ಬಾಡಿಗೆಯ ಮಾತೂ ಇತ್ತು. 2028ರ ಕೊನೆಯೊಳಗೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಫ್ಲ್ಯಾಟುಗಳ ಲೈಸೆನ್ಸೇ ಇಲ್ಲವಾಗಿಸುತ್ತೇವೆ ಅಂತ ಬಾರ್ಸಿಲೋನಾ ಹೇಳಿದೆ. ವೆನಿಸ್ 2024ರಲ್ಲಿ ಒಂದು ದಿನಕ್ಕೆ ಬಂದು ಹೋಗುವವರ ಮೇಲೆ 5 ಯೂರೋ ಶುಲ್ಕ ಹಾಕಿತು. 5 ಯೂರೋಗೆ ಹೆದರಿ ಯಾರು ವೆನಿಸ್ ಬಿಡುತ್ತಾರೆ ಹೇಳಿ. ಬಾರ್ಸಿಲೋನಾದ ದಾರಿಯೇ ಗಟ್ಟಿ ಅನಿಸುತ್ತದೆ, ಯಾಕೆಂದರೆ ಅಲ್ಲಿ ಕೈ ಹಾಕಿರುವುದು ಮನೆಯ ವಿಷಯಕ್ಕೇ.

ಪರಿಸರಕ್ಕೋಸ್ಕರ ಜಾಗವನ್ನೇ ಮುಚ್ಚುವ ದಾರಿಯೂ ಇದೆ. ಥಾಯ್ಲೆಂಡಿನ ಮಾಯಾ ಬೇ ಅನ್ನುವ ಬೀಚನ್ನು 2018ರ ಜೂನ್‌ನಿಂದ 2022ರ ಜನವರಿವರೆಗೆ ಮುಚ್ಚಿದರು. ಹವಳಕ್ಕೆ ಉಸಿರಾಡಲು ಸಮಯ ಸಿಕ್ಕಿತು, ಶಾರ್ಕ್ ಮೀನುಗಳು ದಡದ ಹತ್ತಿರಕ್ಕೆ ಮರಳಿದವು. ಫಿಲಿಪ್ಪೀನ್ಸ್ ಸರ್ಕಾರ ಕೊಳಚೆ ನೀರು ಸಮುದ್ರಕ್ಕೆ ಹರಿಯುತ್ತಿದೆ ಅಂತ 2018ರ ಏಪ್ರಿಲ್‌ನಲ್ಲಿ ಬೊರಾಕಾಯ್ ದ್ವೀಪವನ್ನೇ ಆರು ತಿಂಗಳು ಮುಚ್ಚಿತು. ಮುಚ್ಚಿದ್ದು ಸರಿ. ಆದರೆ ಕೊಳಚೆ ಬಿಟ್ಟವರು ಹೋಟೆಲ್ ಮಾಲೀಕರು, ಕೆಲಸ ಕಳೆದುಕೊಂಡವರು ಅಡುಗೆಯವರು, ದೋಣಿಯವರು, ಕ್ಲೀನಿಂಗಿನವರು, ಸಾವಿರಾರು ಜನ. ಬಲೇರಿಕ್‌ನಲ್ಲಿ 2016ರಿಂದ ಪ್ರವಾಸಿಗರು ರಾತ್ರಿಗೆ ಇಷ್ಟು ಅಂತ ತೆರಿಗೆ ಕಟ್ಟುತ್ತಿದ್ದಾರೆ. ಅಂಥ ತೆರಿಗೆಯ ಒಂದು ಪಾಲನ್ನು ತೆಗೆದಿಟ್ಟು, ಬೀಚೋ ಬೆಟ್ಟವೋ ಮುಚ್ಚುವ ಆದೇಶ ಹೊರಡಿಸುವಾಗಲೇ ಅಷ್ಟು ತಿಂಗಳ ಸಂಬಳ ಯಾರು ಯಾರಿಗೆ, ಎಷ್ಟು ಅಂತ ಅದೇ ಆದೇಶದಲ್ಲಿ ಬರೆಯಲಿ. ನಮ್ಮ ಸರ್ಕಾರಗಳೂ ಗಿರಿಧಾಮಕ್ಕೆ ಇ-ಪಾಸ್ ತಂದಾಗ, ಚಾರಣ ನಿಲ್ಲಿಸಿದಾಗ ಇದನ್ನೇ ಮಾಡಬಹುದು.