ಗೆದ್ದರೆ ಸಾಲದು, ಗೆಲ್ಲುವವರಂತೆ ಕಾಣಬೇಕು

ಚಾಂಪಿಯನ್ ಯಾರೆಂದು ತಿಳಿಯಲು ತಂಡಗಳನ್ನು ಮೈದಾನಕ್ಕಿಳಿಸಿ ಆಡಿಸಿ ನೋಡುವುದು ಒರಟರ ಪದ್ಧತಿಯೆಂದು ಅಮೆರಿಕದ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಆ ದೇಶದ್ದೇ ಆದ ಆಟ) ಬಹಳ ಹಿಂದೆಯೇ ತೀರ್ಮಾನಿಸಿದೆ. 1936ರಿಂದ ಅಸೋಸಿಯೇಟೆಡ್ ಪ್ರೆಸ್‌ನ ಪಟ್ಟಿಗೆ ಪತ್ರಕರ್ತರು ಮತ ಹಾಕಿ ಶ್ರೇಷ್ಠ ತಂಡವನ್ನು ಹೆಸರಿಸುತ್ತಿದ್ದರು. 1950ರಲ್ಲಿ ತರಬೇತುದಾರರೂ ತಮ್ಮದೊಂದು ಪಟ್ಟಿ ಹೊರಡಿಸಿದರು. ಎರಡೂ ಪಟ್ಟಿಗಳ ನೆತ್ತಿಯ ಮೇಲೆ ಒಂದೇ ಹೆಸರಿರಬೇಕೆಂಬ ಹಟ ಯಾರಿಗೂ ಇರಲಿಲ್ಲ. ಹೀಗಾಗಿ 1997ರಲ್ಲಿ ಸೋಲೇ ಕಾಣದ ಮಿಷಿಗನ್ ವಿಶ್ವವಿದ್ಯಾಲಯ ಪತ್ರಕರ್ತರ ಚಾಂಪಿಯನ್ ಆಯಿತು, ಸೋಲೇ ಕಾಣದ ನೆಬ್ರಾಸ್ಕ ತರಬೇತುದಾರರ ಚಾಂಪಿಯನ್ ಆಯಿತು, ಇಬ್ಬರನ್ನೂ ಎದುರುಬದುರು ನಿಲ್ಲಿಸುವ ಅಸಭ್ಯತೆಗೆ ಯಾರೂ ಕೈಹಾಕಲಿಲ್ಲ. ಆ ದೇಶದ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ, ಫುಟ್‌ಬಾಲಿನ ಎರಡನೆಯ ಮತ್ತು ಮೂರನೆಯ ಡಿವಿಜನ್‌ಗಳಿಗೆ 1973ರಿಂದಲೇ ನಾಕೌಟ್ ಪಂದ್ಯಾವಳಿ ನಡೆಸುತ್ತ ಬಂದಿದೆ. ಹಣವೂ ಟಿವಿಯೂ ಇರುವ ಅತ್ಯುನ್ನತ ದರ್ಜೆಗೆ ಮಾತ್ರ ಎನ್‌ಸಿಎಎ ಚಾಂಪಿಯನ್‌ಷಿಪ್ ಎಂಬುದೇ ಇಲ್ಲ. ಸಣ್ಣವರು ಆಡಿ ಗೆಲ್ಲಲಿ, ದೊಡ್ಡವರನ್ನು ಕೂತು ಆರಿಸೋಣ ಎಂಬ ಔದಾರ್ಯವಿರಬೇಕು.

ಮತಗಳು ಜಗಳಕ್ಕೆ ಕಾರಣವಾದಾಗ 1998ರಲ್ಲಿ ಬಿಸಿಎಸ್ ಎಂಬ ವ್ಯವಸ್ಥೆ ಬಂತು. ಮತಗಳಿಗೆ ಕಂಪ್ಯೂಟರ್ ಲೆಕ್ಕವನ್ನು ಬೆರೆಸಿ ಮೊದಲ ಎರಡು ತಂಡಗಳನ್ನು ಫೈನಲ್‌ಗೆ ಕಳುಹಿಸುವುದು ಅದರ ಕ್ರಮ. ಕೊಲರಾಡೊ ಎದುರು 62–36ರಿಂದ ನೆಲಕಚ್ಚಿ, ತನ್ನ ಕಾನ್ಫರೆನ್ಸಿನ (ತಮ್ಮೊಳಗೆ ಆಡುವ ವಿಶ್ವವಿದ್ಯಾಲಯಗಳ ಗುಂಪಿನ) ಫೈನಲ್ಲನ್ನೂ ಮುಟ್ಟದ ನೆಬ್ರಾಸ್ಕವನ್ನು 2001ರಲ್ಲಿ ಈ ಲೆಕ್ಕ ರಾಷ್ಟ್ರೀಯ ಫೈನಲ್‌ಗೆ ಕೈಹಿಡಿದು ನಡೆಸಿತು. 2003ರಲ್ಲಿ ಪತ್ರಕರ್ತರೂ ತರಬೇತುದಾರರೂ ಒಂದನೆಯ ಸ್ಥಾನ ಕೊಟ್ಟಿದ್ದ ಸದರ್ನ್ ಕ್ಯಾಲಿಫೋರ್ನಿಯ ಹೊರಗುಳಿಯಿತು, ಕಾನ್ಫರೆನ್ಸ್ ಫೈನಲ್‌ನಲ್ಲಿ 35–7ರಿಂದ ಸೋತುಬಂದ ಒಕ್ಲಹೋಮ ಒಳಗೆ ಹೋಯಿತು. ಮರುವರ್ಷ ಆಬರ್ನ್ ಒಂದು ಪಂದ್ಯವನ್ನೂ ಸೋಲದಿದ್ದರೂ ಅದಕ್ಕೆ ಬಾಗಿಲು ತೆರೆಯಲಿಲ್ಲ. 2008ರ ನವೆಂಬರ್‌ನಲ್ಲಿ ಬ್ಯಾಂಕುಗಳು ಕುಸಿಯುತ್ತಿದ್ದಾಗ, ಆಗಷ್ಟೇ ಅಧ್ಯಕ್ಷರಾಗಿ ಚುನಾಯಿತರಾಗಿದ್ದ ಬರಾಕ್ ಒಬಾಮ ಟಿವಿ ಸಂದರ್ಶನವೊಂದರಲ್ಲಿ ಎಂಟು ತಂಡಗಳ ಪ್ಲೇಆಫ್, ಅಂದರೆ ನಾಕೌಟ್ ಸುತ್ತು, ಬೇಕೆಂದು ಹೇಳಬೇಕಾಗಿ ಬಂತೆಂದರೆ ರೋಗ ಎಷ್ಟು ಏರಿತ್ತೆಂದು ಊಹಿಸಬಹುದು.

ಕಂಪ್ಯೂಟರ್‌ಗಳನ್ನು ಕಡೆಗೂ ಮನೆಗೆ ಕಳುಹಿಸಿ, 2014ರಲ್ಲಿ ನಾಲ್ಕು ತಂಡಗಳ ಪ್ಲೇಆಫ್‌ಗೆ ತಂಡಗಳನ್ನು ಆರಿಸಲು 13 ಮಂದಿಯ ಆಯ್ಕೆ ಸಮಿತಿಯನ್ನು ಕೂರಿಸಲಾಯಿತು. ಯುದ್ಧ ಮತ್ತು ಶಾಂತಿಯ ವಿಚಾರಗಳನ್ನು ನಿಭಾಯಿಸಿ ಬಂದಿದ್ದ ಮಾಜಿ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ಮೊದಲ ಸಮಿತಿಯಲ್ಲಿದ್ದರು. ಟೆಕ್ಸಸ್‌ನ ಎರಡು ತಂಡಗಳಲ್ಲಿ ಟಿಸಿಯು ಮೇಲೋ ಬೇಲರ್ ಮೇಲೋ ಎಂಬ ಪ್ರಶ್ನೆಗೆ ಅಷ್ಟು ಅನುಭವ ಬೇಕೇ ಬೇಕು. ಟೆಕ್ಸಸ್‌ನ ಗ್ರೇಪ್‌ವೈನ್ ಎಂಬ ಊರಿನ ಐಷಾರಾಮಿ ಹೋಟೆಲಿನಲ್ಲಿ ಸಮಿತಿ ಸಭೆ ಸೇರುತ್ತದೆ. ತಮ್ಮ ವಿಶ್ವವಿದ್ಯಾಲಯದ ವಿಷಯ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗುತ್ತಾರೆ, ವಿಷಯ ಮುಗಿದ ಮೇಲೆ ನಿಷ್ಪಕ್ಷಪಾತಿಗಳಾಗಿ ಒಳಗೆ ಬರುತ್ತಾರೆ. ಋತುವಿನ ಕೊನೆಯ ವಾರಗಳಲ್ಲಿ, ಪ್ಲೇಆಫ್ ಪ್ರಸಾರದ ಹಕ್ಕು ಕೊಂಡಿರುವ ಇಎಸ್‌ಪಿಎನ್ ವಾಹಿನಿಯೇ ಸಮಿತಿಯ ರ‍್ಯಾಂಕಿಂಗನ್ನು ಮಂಗಳವಾರಗಳಂದು ಒಂದು ಕಾರ್ಯಕ್ರಮವಾಗಿ ತೋರಿಸುತ್ತದೆ. ಕೊನೆಗೆ ಲೆಕ್ಕಕ್ಕೆ ಬರುವ ಪಟ್ಟಿ ಒಂದೇ ಆದರೂ ಉಳಿದವುಗಳಿಗೆ ಜಾಹೀರಾತು ಬರುತ್ತದೆ.

ಸಮಿತಿಯ ಪ್ರತಿಭೆ ಪೂರ್ಣವಾಗಿ ಅರಳಿದ್ದು 2023ರ ಡಿಸೆಂಬರ್‌ನಲ್ಲಿ. ಫ್ಲೋರಿಡಾ ಸ್ಟೇಟ್ 13 ಪಂದ್ಯ ಆಡಿ 13ನ್ನೂ ಗೆದ್ದಿತ್ತು, ಎಸಿಸಿ ಕಾನ್ಫರೆನ್ಸಿನ ಕಿರೀಟವನ್ನೂ ತೊಟ್ಟಿತ್ತು. ಆದರೆ ನವೆಂಬರ್‌ನಲ್ಲಿ ಅದರ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯ ಸೂತ್ರಧಾರ, ಜೋರ್ಡನ್ ಟ್ರಾವಿಸ್‌ರ ಕಾಲು ಮುರಿದಿತ್ತು. ಅವರಿಲ್ಲದ ತಂಡ ಅದೇ ತಂಡವಲ್ಲವೆಂದು ಸಮಿತಿ ತತ್ತ್ವಜ್ಞಾನಿಯ ಗಾಂಭೀರ್ಯದಿಂದ ನಿರ್ಣಯಿಸಿ, ಒಂದೊಂದು ಪಂದ್ಯ ಸೋತಿದ್ದ ಟೆಕ್ಸಸ್ ಮತ್ತು ಅಲಬಾಮಗಳನ್ನು ಮೂರು, ನಾಲ್ಕನೆಯ ಸ್ಥಾನಗಳಲ್ಲಿ ಕೂರಿಸಿ, ಸೋಲದವರನ್ನು ಐದಕ್ಕೆ ಇಳಿಸಿತು. ಪ್ಲೇಆಫ್‌ನಲ್ಲಿ ಇದ್ದದ್ದು ನಾಲ್ಕೇ ಜಾಗ. ಮತ್ಸ್ಯಯಂತ್ರವನ್ನು ಭೇದಿಸಿದವನನ್ನು ಪಕ್ಕಕ್ಕೆ ಸರಿಸಿ, ಭೇದಿಸಬಲ್ಲವನಂತೆ ಕಾಣುವವನಿಗೆ ಮಾಲೆ ಹಾಕುವ ಸ್ವಯಂವರ ಇದೇ ಮೊದಲಿರಬೇಕು. ಕಾಲು ಇನ್ನೂ ಮುಂಚೆಯೇ ಮುರಿದಿದ್ದರೆ, ಈ ತಂಡ ತನ್ನೊಬ್ಬನಿಂದ ಆದದ್ದಲ್ಲವೆಂದು ಎಲ್ಲರೂ ಕಾಣಬಹುದಿತ್ತು ಎಂದು ಟ್ರಾವಿಸ್ ಬರೆದುಕೊಂಡರು. ಮೂಳೆ ಮುರಿಸಿಕೊಳ್ಳುವುದಕ್ಕೂ ಮುಹೂರ್ತ ನೋಡಬೇಕಾದ ಕ್ರೀಡೆ ಇದು.

ಸಮಿತಿಗೆ ತನ್ನದೇ ಇತಿಹಾಸ ಮರೆತುಹೋಗಿತ್ತೆಂದು ಹೇಳಿದರೆ ಅಪಚಾರವಾದೀತು, ಆದರೂ ಹೇಳದೆ ವಿಧಿಯಿಲ್ಲ. 2014ರಲ್ಲಿ ಇದೇ ವ್ಯವಸ್ಥೆಯ ಮೊದಲ ಪ್ಲೇಆಫ್ ಗೆದ್ದ ಓಹಾಯೊ ಸ್ಟೇಟ್ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಗಾಯಕ್ಕೆ ಕಳೆದುಕೊಂಡು, ಮೂರನೆಯವರಾದ ಕಾರ್ಡೇಲ್ ಜೋನ್ಸ್‌ರನ್ನು ಇಳಿಸಿ ಕಾನ್ಫರೆನ್ಸ್ ಫೈನಲ್ಲನ್ನು 59–0ರಿಂದ ಗೆದ್ದು ಒಳಬಂದಿತ್ತು. ಅದೇ ವಾರ 55–3ರಿಂದ ಗೆದ್ದ ಟಿಸಿಯು ಮೂರನೆಯ ಸ್ಥಾನದಿಂದ ಆರಕ್ಕೆ ಇಳಿದಿತ್ತು. ಫ್ಲೋರಿಡಾ ಸ್ಟೇಟಿನ ಮೂರನೆಯ ಕ್ವಾರ್ಟರ್‌ಬ್ಯಾಕ್ ಕಾನ್ಫರೆನ್ಸ್ ಫೈನಲ್ಲನ್ನು ಗೆದ್ದದ್ದು 16–6ರಿಂದ ಮಾತ್ರ. ಅಂದರೆ ನಿಯಮ ಒಂದೇ, ಅಂಕಗಳು ಕಣ್ಣಿಗೆ ಹಬ್ಬವಾಗಬೇಕು. ಆಮೇಲೆ ಮನಸ್ಸು ಮುರಿದ ಅನೇಕ ಆಟಗಾರರು ಹಿಂದೆ ಸರಿದ ಫ್ಲೋರಿಡಾ ಸ್ಟೇಟ್, ಪ್ಲೇಆಫ್‌ನ ಹೊರಗಿನ ಆರೆಂಜ್ ಬೌಲ್ ಪಂದ್ಯದಲ್ಲಿ ಜಾರ್ಜಿಯ ಎದುರು 63–3ರಿಂದ ಸೋತಾಗ, ನೋಡಿ ನಾವು ಹೇಳಿರಲಿಲ್ಲವೇ ಎಂದು ಪಂಡಿತರು ತಲೆದೂಗಿದರು.

2024ರಲ್ಲಿ ಜಾಗಗಳು 12 ಆದವು. ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಗೌರವ ಸಲ್ಲಬೇಕೆಂದು ಅವರಲ್ಲಿ ನಾಲ್ವರಿಗೆ ಮೊದಲ ಸುತ್ತಿನ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ, ಕೊಟ್ಟರು. ನಾಲ್ವರೂ ತಮ್ಮ ಮೊದಲ ಪಂದ್ಯದಲ್ಲೇ ಸೋತರು, ಎಂಟನೆಯ ಶ್ರೇಯಾಂಕದ ಓಹಾಯೊ ಸ್ಟೇಟ್ ಚಾಂಪಿಯನ್ ಆಯಿತು. ಕೆಲವೇ ತಿಂಗಳಲ್ಲಿ ಆ ಗೌರವವನ್ನು ವಾಪಸು ಪಡೆಯಲಾಯಿತು. 2025ರ ಡಿಸೆಂಬರ್‌ನಲ್ಲಿ ನಡೆದದ್ದು ಇನ್ನೂ ಸೂಕ್ಷ್ಮ. ಕೊನೆಯ ವಾರಾಂತ್ಯಕ್ಕೆ ಮುನ್ನ ಸಮಿತಿಯ ಪಟ್ಟಿಯಲ್ಲಿ ನೋಟ್ರ್ ಡೇಮ್ ಹತ್ತನೆಯದು, ಮಯಾಮಿ ಹನ್ನೆರಡನೆಯದು. ಕೆಲವು ಜಾಗಗಳು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೀಸಲಾದ್ದರಿಂದ ಈ ಇಬ್ಬರಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ಋತುವಿನ ಆರಂಭದಲ್ಲಿ ಮಯಾಮಿ ನೋಟ್ರ್ ಡೇಮನ್ನು ಸೋಲಿಸಿದ್ದರೂ ಸಮಿತಿ ವಾರಗಟ್ಟಲೆ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕೊನೆಯ ವಾರಾಂತ್ಯ ಎರಡೂ ತಂಡಗಳು ಆಡಲೇ ಇಲ್ಲ. ನಡುವೆ ಇದ್ದ ಬಿವೈಯು ಸೋತು ಕೆಳಗಿಳಿದೊಡನೆ ಎರಡೂ ಅಕ್ಕಪಕ್ಕ ಬಂದವು, ಸಮಿತಿಗೆ ಆಗಸ್ಟ್ ತಿಂಗಳ ಆ ಪಂದ್ಯ ಥಟ್ಟನೆ ನೆನಪಾಯಿತು, ಮಯಾಮಿ ಒಳಗೆ, ನೋಟ್ರ್ ಡೇಮ್ ಹೊರಗೆ. ಅದೇ ವಾರಾಂತ್ಯ ಕಾನ್ಫರೆನ್ಸ್ ಫೈನಲ್‌ನಲ್ಲಿ 28–7ರಿಂದ ಸೋತು ಮೂರನೆಯ ಸೋಲು ಕಂಡ ಅಲಬಾಮ ಮಾತ್ರ ಒಂಬತ್ತನೆಯ ಸ್ಥಾನದಿಂದ ಒಂದಿಂಚೂ ಕದಲಲಿಲ್ಲ.

ಈ ಅನಿಶ್ಚಿತತೆಯಿಂದ ಬೇಸತ್ತ ದೊಡ್ಡ ಕಾನ್ಫರೆನ್ಸ್‌ಗಳು 2025ರಲ್ಲೇ ಒಂದು ಪರಿಹಾರವನ್ನು ಮುಂದಿಟ್ಟು ಚರ್ಚಿಸಿದವು: 16 ತಂಡಗಳ ಪ್ಲೇಆಫ್ ಮಾಡಿ, ಅದರಲ್ಲಿ ಬಿಗ್ ಟೆನ್‌ಗೆ ನಾಲ್ಕು, ಎಸ್‌ಇಸಿಗೆ ನಾಲ್ಕು, ಬಿಗ್ 12 ಮತ್ತು ಎಸಿಸಿಗಳಿಗೆ ಎರಡೆರಡು ಜಾಗಗಳನ್ನು ಮೊದಲೇ ಕಾಯ್ದಿರಿಸುವುದು. 2026ರಿಂದ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ತರುವ ಟಿವಿ ಒಪ್ಪಂದದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೊದಲ ಎರಡು ಕಾನ್ಫರೆನ್ಸ್‌ಗಳಿಗೇ ಎಂದು ಹಿಂದೆಯೇ ನಿಗದಿಯಾಗಿರುವುದರಿಂದ, ಜಾಗಗಳೂ ಅದೇ ಅಳತೆಯಲ್ಲಿದ್ದರೆ ಗುಮಾಸ್ತರಿಗೆ ಒಂದೇ ಕಡತ ಸಾಕು. ಯಾವ ತಂಡವೂ ಇನ್ನೂ ಅಭ್ಯಾಸ ಶುರುಮಾಡಿರದ ಬೇಸಿಗೆಯಲ್ಲೇ ಪ್ಲೇಆಫ್‌ನ ಮುಕ್ಕಾಲು ಭಾಗ ತೀರ್ಮಾನವಾಗಿಬಿಟ್ಟರೆ, ಉಳಿದ ನಾಲ್ಕು ಕುರ್ಚಿಗಳ ಬಗ್ಗೆ 13 ಮಂದಿ ಗ್ರೇಪ್‌ವೈನ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ಚರ್ಚಿಸಬಹುದು.